ಸೋಬಿ ಹೆತ್ತ ಗಂಡುಮಗ

ಎಂದೋ ಒಂದು ಕಾಲದಲ್ಲಿ, ಎಲ್ಲೋ ಒಂದು ಹುಣಸೆಮರದ ಪೊಟರೆಯೊಳಗೆ ಒಂದು ಜೇನೂರು ಇತ್ತಂತೆ. ಊರಿಗೆಲ್ಲ ಒಬ್ಬಳೇ ಅವ್ವ, ಅವಳೇ ರಾಣಿ. ಸಾವಿರದ ಮೇಲೆ ಸಾವಿರ ಹೆಣ್ಣುಮಕ್ಕಳು. ಅವ್ವ ಹೆರಬೇಕು, ಮಕ್ಕಳು ದುಡಿಯಬೇಕು. ಮಗಳೊಬ್ಬಳು ಕದ್ದು ಮೊಟ್ಟೆ ಇಟ್ಟಳೋ, ಅಕ್ಕತಂಗಿಯರು ಹುಡುಕಿ ಮೂಸುವರು. ಅವ್ವನ ವಾಸನೆ ಇಲ್ಲದಿದ್ದರೆ ಗುಳುಂ. ಹೀಗೆ ಮಾಡಿ ಅಂತ ಅವ್ವ ಎಂದೂ ಹೇಳಿದವಳಲ್ಲ. ಹೇಳುವುದಕ್ಕೆ ಅವಳಿಗೆ ಪುರುಸೊತ್ತೆಲ್ಲಿ?

ಮೂಸುವವರಲ್ಲಿ ದ್ಯಾಮಕ್ಕ ಮೊದಲಿಗಳು. "ಅವ್ವನಿಗೆ ಹತ್ತು ಗಂಡಂದಿರು. ನನ್ನಪ್ಪ ಬೇರೆ, ಇವಳಪ್ಪ ಬೇರೆ. ಅವ್ವ ಹೆತ್ತರೆ ತಮ್ಮ ಅಂತ ಸಾಕೋಣ. ಇವಳು ಹೆತ್ತದ್ದಕ್ಕೆ ನಾನ್ಯಾಕೆ ತುತ್ತಿಡಲಿ?" ಅನ್ನುವಳು, ಬಾಯಿ ಒರೆಸಿಕೊಳ್ಳುವಳು.

ಆ ಊರಲ್ಲಿ ಸೋಬಿ ಅಂತ ಒಬ್ಬಳು. ಅವಳೂ ನೂರು ಮೊಟ್ಟೆ ತಿಂದವಳೇ. ಒಂದು ದಿನ ಅವಳ ಹೊಟ್ಟೆಯಲ್ಲೇ ಏನೋ ಮಿಸುಕಾಡಿತಂತೆ. ಗಂಡನಿಲ್ಲದೆ ಬಸುರಾದರೆ ಆ ಕುಲದಲ್ಲಿ ಗಂಡೇ ಹುಟ್ಟುವುದು. ಹೊಟ್ಟೆಯಲ್ಲಿ ಗಂಡು ಅಂದಮೇಲೆ ಯಾವ ಊರಿನ ಹೆಣ್ಣಿಗೆ ನೆಲ ಕಂಡಿದೆ? ಸೋಬಿಗೂ ಕಾಣಲಿಲ್ಲ.

ಒಂದು ಮೊಟ್ಟೆ ಇಟ್ಟಳು. ದ್ಯಾಮಕ್ಕ ಮೂಸಿದಳು, ಗುಳುಂ. ಇನ್ನೊಂದನ್ನು ಮೂಲೆಯಲ್ಲಿಟ್ಟಳು. ಮೂಸಿದಳು, ಗುಳುಂ.

"ಯಾವಳೇ ಇದನ್ನ ಇಟ್ಟೋಳು?"

"ಯಾವಳೋ ನಾಚಿಕೆಗೆಟ್ಟೋಳಕ್ಕ," ಅಂದಳು ಸೋಬಿ.

ಮೂರನೆಯದನ್ನು ಎತ್ತಿಕೊಂಡು ನೆಟ್ಟಗೆ ಅವ್ವನ ಬಳಿ ಹೋದಳು. ಹಿಂದೆ ನಿಂತು ಮೊಟ್ಟೆಯನ್ನು ಅವಳ ಬೆನ್ನಿಗೆ ಮೆಲ್ಲಗೆ ಉಜ್ಜಿದಳು.

"ಏನೇ ಅದು?"

"ಏನಿಲ್ಲವ್ವ, ಬೆನ್ನು ತಿಕ್ತಿದೀನಿ."

"ಹಂಗಾದ್ರೆ ಇನ್ನೊಂಚೂರು ಎಡಕ್ಕೆ."

ದ್ಯಾಮಕ್ಕ ಮೂಸಿದಳು. ಮತ್ತೆ ಮೂಸಿದಳು. ಅವ್ವನದು ಅಂತ ಕೈಮುಗಿದು ಮುಂದೆ ಹೋದಳು.

ಮಗ ಹುಟ್ಟಿದ. ಕಣ್ಣು ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು, ಕೆಲಸ ಮಾತ್ರ ಯಾವುದೂ ಬಾರದು. ಊರೆಲ್ಲ ತಮ್ಮಯ್ಯ, ತಮ್ಮಯ್ಯ ಅಂತ ತುತ್ತಿಟ್ಟಿತು. ನನ್ನ ಮಗ ಅಂದರೆ ಅವನ ಕಥೆ ಅಲ್ಲಿಗೇ ಮುಗಿಯಿತಲ್ಲ, ಸೋಬಿ ಬಾಯಿ ಬಿಡಲಿಲ್ಲ. ಅವನೋ "ಏ ಇವಳೇ, ಜೇನು ತಾ" ಅನ್ನುವನು. ತರುವಳು.

ಹೂವಿನ ಕಾಲ ಮುಗಿಯಿತು. ಹೂವು ಮುಗಿದರೆ ಕೂತು ತಿನ್ನುವ ಗಂಡುಗಳನ್ನೆಲ್ಲ ಹೊರಗೆ ನೂಕುವುದು ಆ ಊರಿನ ಪದ್ಧತಿಯಂತೆ. ಸೋಬಿ ಮಗನನ್ನು ತಬ್ಬಿ ನಿಂತಳು.

"ಇವನೊಬ್ಬನನ್ನ ಬಿಡಿ. ಇವನು ನಾನು ಹೆತ್ತೋನು."

"ಬಿಡೇ ನನ್ನ. ನಾನು ರಾಣಿ ಮಗ," ಅಂದ ಅವನು.

ದ್ಯಾಮಕ್ಕ ಹತ್ತಿರ ಬಂದಳು. "ಮೊಟ್ಟೆಯಲ್ಲೇ ಹೇಳಬಾರದಿತ್ತೇನೇ? ಈಗ ಇಷ್ಟು ದೊಡ್ಡದನ್ನ ಯಾರು ತಿಂತಾರೆ?" ಅಂದವಳೇ ರೆಕ್ಕೆ ಹಿಡಿದು ಅವನನ್ನು ಹೊರಗೆ ನೂಕಿದಳು. ಸೋಬಿ ಗೋಡೆಯ ಕಡೆ ಮುಖ ಮಾಡಿದಳು.

ಸ್ವಲ್ಪ ಹೊತ್ತಿಗೆ ಯಾರೋ ಅವಳ ಕಾಲು ಜಗ್ಗಿದರು. ದ್ಯಾಮಕ್ಕನೇ.

"ಆ ಕರಿರೆಕ್ಕೆಯವನನ್ನ ನೀನು ಹಿಡ್ಕೋ. ಮೆತ್ತಗೆ ನೂಕು."

"ಯಾಕಕ್ಕ?"

"ಅವನು ನಾನು ಕದ್ದು ಇಟ್ಟೋನು. ನಾನು ಮೂಸಿ ಬಿಟ್ಟದ್ದನ್ನ ಮತ್ಯಾರು ಮೂಸ್ತಾರೆ ಅಂತ ಉಳಿಸಿಕೊಂಡೆ. ಹೆತ್ತವಳ ಕೈಲಿ ನೂಕೋಕಾಗಲ್ಲ ಕಣೆ."

ಸೋಬಿ ಮೆತ್ತಗೇ ನೂಕಿದಳಂತೆ. ಮಾರನೆಯ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಮೊಟ್ಟೆ ಮೂಸಲು ಹೊರಟರಂತೆ.

ಕಥೆ ಹಾರಿ ಮರಕ್ಕೆ ಹೋಯಿತು, ನೀವು ಎದ್ದು ಮನೆಗೆ ಹೋಗಿ.