ಬೊಮ್ಮಯ್ಯ ಉಪಾಧ್ಯಾಯನಾದದ್ದು

ವರ್ಷಕ್ಕೆ ನಲವತ್ತು ಪಲ್ಲ ಭತ್ತ, ಇರಲು ಹೆಂಚಿನ ಮನೆ, ಎರಡು ಜೊತೆ ಬಟ್ಟೆ. ಹೊಸ ಶಾಲೆಯ ಉಪಾಧ್ಯಾಯನಿಗೆ ನಮ್ಮ ಪೇಟೆಯ ವರ್ತಕರು ಕೊಡಲು ಒಪ್ಪಿದ್ದು ಇಷ್ಟು. ಕಡಿಮೆಯೇನಲ್ಲ.

ಆಳು ಹುಡುಕುವ ಕೆಲಸ ಜವಳಿ ವ್ಯಾಪಾರಿ ಮಲ್ಲಿಸೆಟ್ಟರ ಪಾಲಿಗೆ ಬಂತು. ಅವರು ಹೊಳೆ ದಾಟಿ ನಾಗಾರ್ಯರ ಆಶ್ರಮಕ್ಕೆ ಹೋದರು.

ಅಲ್ಲಿ ಬೊಮ್ಮಯ್ಯನಿದ್ದ. ಹನ್ನೆರಡು ವರ್ಷ ಓದಿದವನು. ವ್ಯಾಕರಣ, ಗಣಿತ ಎರಡೂ ನಾಲಿಗೆಯ ತುದಿಯಲ್ಲಿ. ಊರಲ್ಲಿ ಅವನ ತಾಯಿ ಬೇರೆಯವರ ಮನೆಯಲ್ಲಿ ಬೀಸಿ ಕುಟ್ಟಿ ದಿನ ನೂಕುತ್ತಿದ್ದಳು. ಈ ಕೆಲಸ ಅವನಿಗೆ ಬೇಕೇ ಬೇಕಿತ್ತು.

"ಇವನನ್ನ ಕೊಡಿ, ಸ್ವಾಮಿ," ಎಂದರು ಸೆಟ್ಟರು.

"ಇವನು ವಿದ್ವಾಂಸ. ಉಪಾಧ್ಯಾಯನಲ್ಲ," ಎಂದರು ಗುರು ನಾಗಾರ್ಯರು.

"ಬಲ್ಲವನು ಹೇಳಿಕೊಡಲಾರನೇ?"

"ಒಳ್ಳೆಯ ಸೀರೆ ಉಟ್ಟು ಅಂಗಡಿಗೆ ಬಂದವರನ್ನೆಲ್ಲ ನೀವು ಮಗ್ಗಕ್ಕೆ ಕೂರಿಸ್ತೀರಾ?"

ಸೆಟ್ಟರು ನಕ್ಕರು. ಆದರೆ ಬಿಡಲಿಲ್ಲ. "ಪರೀಕ್ಷೆ ಮಾಡಿಯೇ ನೋಡಿ."

ಗುರುಗಳು ಪಕ್ಕದ ಊರಿನ ಒಂಬತ್ತು ಮಕ್ಕಳನ್ನು ಬೊಮ್ಮಯ್ಯನಿಗೆ ಒಪ್ಪಿಸಿದರು. ಹತ್ತು ದಿನದಲ್ಲಿ ಏಳರ ಮಗ್ಗಿ ಬರಬೇಕು.

ಹತ್ತನೆಯ ದಿನ ಸೆಟ್ಟರು ಮತ್ತೆ ಬಂದರು. ಮಕ್ಕಳು ಒಟ್ಟಿಗೆ ಹೇಳಿದ ಮಗ್ಗಿ ಆಚೆ ದಡಕ್ಕೂ ಕೇಳಿಸಿತು.

"ಇನ್ನೇನು ಬೇಕು ಸ್ವಾಮಿ? ಗಾಡಿ ಕಟ್ಟಿಸಲಾ?" ಎಂದರು ಸೆಟ್ಟರು.

"ಇನ್ನೊಂದು ಸಲ ಹೇಳಿ ಮಕ್ಕಳೇ," ಎಂದರು ಗುರುಗಳು. "ನಾನು ಭುಜ ಮುಟ್ಟಿದವರು ಸುಮ್ಮನಾಗಿ."

ಮಕ್ಕಳು ಶುರು ಮಾಡಿದರು. ಗುರುಗಳು ಒಂದು ಭುಜ ಮುಟ್ಟಿದರು. ಎರಡು. ಮೂರು. 'ಏಳಾರ್ಲ ನಲವತ್ತೆರಡು' ಬರುವ ಹೊತ್ತಿಗೆ ಐದನೆಯ ಭುಜ ಮುಟ್ಟಿದರು.

ಮಗ್ಗಿ ನಿಂತುಹೋಯಿತು.

ಉಳಿದ ನಾಲ್ವರ ಬಾಯಿ ಮಾತ್ರ ಆಡುತ್ತಿತ್ತು. ದನಿಯಿರಲಿಲ್ಲ.

"ಕಳ್ಳರು! ನನಗೇ ಮೋಸ ಮಾಡಿದರು," ಎಂದ ಬೊಮ್ಮಯ್ಯ.

"ಹತ್ತು ದಿನ ಅವರೆದುರು ನಿಂತವನು ನೀನು. ಎಲ್ಲಿ ನೋಡುತ್ತಿದ್ದೆ?"

ಬೊಮ್ಮಯ್ಯ ತಲೆ ತಗ್ಗಿಸಿದ. "ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದೆ."

ಸೆಟ್ಟರು ಗಂಟಲು ಸರಿಮಾಡಿಕೊಂಡರು. "ಅರ್ಧ ಕಲಿತವನಾದರೆ ಅರ್ಧ ಸಂಬಳಕ್ಕೆ ಕೊಡಿ ಸ್ವಾಮಿ. ಇಬ್ಬರಿಗೂ ನಷ್ಟವಿಲ್ಲ."

"ಒಂದು ವರ್ಷ ಕಾದರೆ ಪೂರ್ತಿ ಕಲಿಸಿ ಪೂರ್ತಿ ಸಂಬಳಕ್ಕೆ ಕೊಡುತ್ತೇನೆ. ಒಂದು ಕಾಳೂ ಕಡಿಮೆಯಿಲ್ಲ."

ಸೆಟ್ಟರು ಗೊಣಗುತ್ತಲೇ ಹೊಳೆ ದಾಟಿದರು. ಬೊಮ್ಮಯ್ಯ ಆ ದಿನ ಊಟ ಮಾಡಲಿಲ್ಲ.

ಮೊದಲ ಮೂರು ತಿಂಗಳು ಅವನಿಗೆ ಪಾಠ ಹೇಳುವಂತಿರಲಿಲ್ಲ. ಗುರುಗಳು ಪಾಠ ಮಾಡುವಾಗ ಮಕ್ಕಳ ಮುಖ ನೋಡುತ್ತ ಕೂರಬೇಕು. ಆಮೇಲೆ ಒಂದೊಂದೇ ಮಗುವಿಗೆ ಪಾಠ. ಗುರುಗಳು ಹಿಂದೆ ಕೂತು ಕೇಳುವರು.

ಸಂಜೆ ಒಂದೇ ಪ್ರಶ್ನೆ. "ಇವತ್ತು ಯಾರಿಗೆ ತಿಳಿಯಲಿಲ್ಲ?"

"ಎಲ್ಲರಿಗೂ ತಿಳಿಯಿತು," ಎಂದರೆ, "ಹೋಗಿ ಕೇಳಿಕೊಂಡು ಬಾ."

ಒಂದು ಸಂಜೆ ಅವನು ಓಡುತ್ತ ಬಂದ. "ಗುರುಗಳೇ, ಬುಟ್ಟಿ ಹೆಣೆಯುವವರ ಮನೆಯ ಹುಡುಗಿ ಚಿಕ್ಕಿಗೆ ಏಳರ ಮಗ್ಗಿ ಗೊತ್ತು!"

"ಬಾಯಿ ಮಾತ್ರ ಆಡಿಸುತ್ತಿದ್ದವಳಲ್ಲವೇ?"

"ಏಳು ಸಂತೆಗೆ ಎಷ್ಟು ದಿನ ಅಂತ ಕೇಳಿದೆ. 'ನಲವತ್ತೊಂಬತ್ತು. ಅಷ್ಟೂ ಗೊತ್ತಿಲ್ವಾ ನಿಮ್ಗೆ?' ಅಂದಳು. ಅವ್ವನ ಜೊತೆ ವಾರವಾರ ಸಂತೆಗೆ ಹೋಗ್ತಾಳಂತೆ." ಅವನು ಗುರುಗಳ ಕಾಲಿಗೆ ಬಿದ್ದ. "ಅಂದು ನೀವು ನನ್ನನ್ನ ಕಳಿಸಿಬಿಟ್ಟಿದ್ದರೆ ಇಂಥ ಎಷ್ಟು ಮಕ್ಕಳನ್ನ ದಡ್ಡರು ಅಂತ ಬೈದುಕೊಂಡು ಇರುತ್ತಿದ್ದೆನೋ."

ವರ್ಷ ತುಂಬಿತು. ಸೆಟ್ಟರು ಬಂದಾಗ ಗುರುಗಳು ಪಾಠ ಮಾಡುತ್ತಿದ್ದರು.

"ಈಗಲಾದರೂ ಆಯಿತಾ, ಸ್ವಾಮಿ?"

"ಅವನನ್ನೇ ಕೇಳಿ. ಬೊಮ್ಮಯ್ಯಾ, ಇವತ್ತು ನನ್ನ ಪಾಠ ಹೇಗಿತ್ತು?"

ಬೊಮ್ಮಯ್ಯ ಕೊನೆಯ ಸಾಲಿನ ಕಡೆ ನೋಡಿದ. ಆಮೇಲೆ ಕೈಮುಗಿದು ಹೇಳಿದ. "ಕೊನೆಯ ಸಾಲಿನ ಇಬ್ಬರಿಗೆ ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸುತ್ತಿಲ್ಲ."

"ಏನಯ್ಯಾ, ಗುರುಗಳಿಗೇ ತಪ್ಪು ಹೇಳ್ತೀಯಾ!" ಸೆಟ್ಟರು ಎದ್ದೇಬಿಟ್ಟರು.

ಗುರುಗಳು ಕೈಸನ್ನೆಯಿಂದ ಅವರನ್ನು ಕೂರಿಸಿದರು. "ಎಷ್ಟು ದಿನದಿಂದ?"

"ನಿಮ್ಮ ಮುಂದಿನ ಹಲ್ಲು ಬಿದ್ದಾಗಿನಿಂದ. ಎರಡು ತಿಂಗಳಾಯಿತು."

"ಯಾಕೆ ಹೇಳಲಿಲ್ಲ?"

"ಹೆದರಿಕೆ."

"ಇವತ್ತು?"

"ಇವತ್ತೂ ಹೆದರಿಕೆಯೇ. ಆದರೆ ನಾನು ಹೊರಟುಹೋದರೆ ನಾಳೆ ಇದನ್ನ ಹೇಳುವವರು ಯಾರೂ ಇರುವುದಿಲ್ಲ."

ಗುರುಗಳು ಎದ್ದರು. ತಮ್ಮ ಚಾಪೆಯನ್ನು ಸುತ್ತಿಕೊಂಡು ಮಕ್ಕಳ ನಡುವೆ ನಡೆದು, ಕೊನೆಯ ಸಾಲಿನ ಪಕ್ಕದಲ್ಲಿ ಹಾಸಿ ಕೂತರು. ಆ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.

"ಗಾಡಿ ಕಟ್ಟಿಸಿ, ಸೆಟ್ಟರೇ," ಎಂದರು ಗುರುಗಳು. "ನಿಮಗೆ ಒಬ್ಬ ಉಪಾಧ್ಯಾಯ ಸಿಕ್ಕಿದ. ನನಗೆ ಇಬ್ಬರು ಮಕ್ಕಳು ಸಿಕ್ಕಿದರು."