ಗೋಪುರ ಏರದ ಶಿಲುಬೆ

“ಸ್ವಾಮಿ, ಇಷ್ಟು ಪ್ರಾರ್ಥನೆ ಮಾಡಿದರೂ ನನ್ನ ಹೆದರಿಕೆ ಹೋಗಲಿಲ್ಲ. ನನ್ನಲ್ಲಿ ವಿಶ್ವಾಸವೇ ಇಲ್ಲವೇ?”

ಕೇಳಿದವನು ಶಿಷ್ಯ ಚೌರಪ್ಪ. ಆ ಭಾನುವಾರ ಅವನು ಮೊದಲ ಸಲ ಚರ್ಚಿನ ಪೀಠ ಹತ್ತಿ ಜನರ ಮುಂದೆ ಪ್ರಸಂಗ ಮಾಡಬೇಕಿತ್ತು. ಹಿಂದಿನ ಎರಡು ಭಾನುವಾರ ಹೊಟ್ಟೆನೋವು ಎಂದು ತಪ್ಪಿಸಿಕೊಂಡಿದ್ದ.

ಗುರು ಇನ್ನಾಸಪ್ಪನವರು ನಕ್ಕರು. “ಇವತ್ತು ಹೊಟ್ಟೆನೋವು ಬರಲಿಲ್ಲವೇನೋ? ಬಾ, ಕೂತುಕೋ. ಗಂಟೆ ಹೊಡೆಯುವುದರೊಳಗೆ ಒಂದು ಕತೆ ಹೇಳಿಬಿಡುತ್ತೇನೆ.”

ಅವರು ಹೇಳಿದ ಕತೆ ಇದು.

ಒಬ್ಬ ಮೇಸ್ತ್ರಿ ಇದ್ದ. ಒಂದು ಊರಿಗೆ ದೇವಾಲಯ ಕಟ್ಟಿಕೊಟ್ಟ. ಕಟ್ಟಿದವನೇ ತನ್ನ ಕೈಯಾರೆ ಗೋಪುರದ ತುದಿಗೆ ಶಿಲುಬೆ ನಿಲ್ಲಿಸಬೇಕು, ಅದು ಆ ಊರಿನ ಕಟ್ಟಳೆ. ಶಿಲುಬೆ ಏರುವ ತನಕ ಒಳಗೆ ಪೂಜೆಯಿಲ್ಲ, ಮದುವೆಯೂ ಇಲ್ಲ. ಅಲ್ಲಿ ಆಗಬೇಕಿದ್ದ ಮೊದಲ ಮದುವೆ ಮೇಸ್ತ್ರಿಯ ಮಗಳದೇ.

ಗಾರೆ ಕೆಲಸದ ಕೊನೆಯ ದಿನ ಮೇಸ್ತ್ರಿ ಗೋಪುರದಿಂದ ಜಾರಿದ. ಮರಳಿನ ಗುಡ್ಡೆಯ ಮೇಲೆ ಬಿದ್ದ. ಮೈಗೆ ಏನೂ ಆಗಲಿಲ್ಲ, ಆದರೆ ಧೈರ್ಯ ಮುರಿದುಹೋಯಿತು.

ಅಂದಿನಿಂದ ಅವನು ದಿನಾ ಬೆಳಿಗ್ಗೆ ಗೋಪುರದ ಬುಡದಲ್ಲಿ ಮೊಣಕಾಲೂರಿ, “ಯೇಸುವೇ, ನನ್ನ ಹೆದರಿಕೆ ತೆಗೆದುಬಿಡು, ಹತ್ತುತ್ತೇನೆ” ಎಂದು ಬೇಡುತ್ತಿದ್ದ. ಎದ್ದು ಮೇಲೆ ನೋಡುತ್ತಿದ್ದ. ಹೆದರಿಕೆ ಹಾಗೇ ಇರುತ್ತಿತ್ತು. ಹತ್ತಲು ಕಟ್ಟಿದ್ದ ಬಿದಿರಿನ ಸಾರುವೆಯೇ ಗಟ್ಟಿಯಿಲ್ಲ ಎಂದುಕೊಂಡು ಅದಕ್ಕೆ ಇನ್ನೊಂದು ಬಿದಿರು ಕಟ್ಟಿ ಮನೆಗೆ ಹೋಗುತ್ತಿದ್ದ. ಹೀಗೇ ನಲವತ್ತು ದಿನ! ಗೋಪುರವೇ ಕಾಣದಂತಾಯಿತು. “ಮೇಸ್ತ್ರಿ, ದೇವಾಲಯ ಕಟ್ಟಿದೆಯೋ, ಬಿದಿರು ಮೆಳೆ ಬೆಳೆಸಿದೆಯೋ?” ಎಂದು ಊರವರು ಕಿಚಾಯಿಸಿದರು. ಅಂಗಳದಲ್ಲಿ ಮಲಗಿದ್ದ ಶಿಲುಬೆಯ ಮೇಲೆ ಕೋಳಿಗಳು ಕೂತು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದವು.

ಮಗಳ ಮದುವೆ ಎರಡು ಸಲ ಮುಂದಕ್ಕೆ ಹೋಯಿತು. ಮೂರನೆಯ ಸಲವೂ ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು.

ಅವತ್ತು ಮಗಳೇ ಗೋಪುರದ ಬುಡಕ್ಕೆ ಬಂದಳು.

“ಅಪ್ಪಾ, ಯಾವಾಗ ಹತ್ತುತ್ತೀಯ?”

“ಹೆದರಿಕೆ ಹೋಗಲಿ ಮಗಳೇ. ಬೇಡುತ್ತಲೇ ಇದ್ದೇನಲ್ಲ.”

“ಮದುವೆ ಅಂದರೆ ನನಗೂ ಎದೆ ಡವಡವ ಅನ್ನುತ್ತೆ. ಕಾಣದ ಊರು, ಕಾಣದ ಅತ್ತೆ. ಆದರೂ ಸೀರೆ ಮಡಿಸಿ ಇಟ್ಟುಕೊಂಡಿದ್ದೇನೆ. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಯೇಸುಸ್ವಾಮಿಗೂ ಹೆದರಿಕೆಯಿಂದ ಬೆವರಿಳಿಯಿತು ಅಂತ ಹೇಳಿಕೊಟ್ಟವನು ನೀನೇ ಅಲ್ಲವಾ ಅಪ್ಪಾ? ಹೆದರಿಕೆ ಹೋಗಲಿ ಅಂತ ಅವರು ಅಲ್ಲೇ ಕೂತುಬಿಟ್ಟರಾ?”

ಮೇಸ್ತ್ರಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಮಗಳ ತಲೆ ಸವರಿ ಎದ್ದ. ಕೋಳಿಗಳನ್ನು ಹುಶ್ ಎಂದು ಓಡಿಸಿದ. ಶಿಲುಬೆಯನ್ನು ಬೆನ್ನಿಗೆ ಕಟ್ಟಿಸಿಕೊಂಡ. ಮೊಣಕಾಲು ಗಡಗಡ ನಡುಗುತ್ತಿತ್ತು. ಅವನು ಈ ಸಲ ಹೆದರಿಕೆ ತೆಗೆ ಎನ್ನಲಿಲ್ಲ. ಒಂದೊಂದು ಬಿದಿರಿನ ಮೇಲೆ ಕಾಲಿಡುವಾಗಲೂ “ಯೇಸುವೇ, ಜೊತೆಗೆ ಬಾ” ಎಂದ. ಹಾಗೆ ಅನ್ನುತ್ತಲೇ ತುದಿ ಮುಟ್ಟಿದ, ಶಿಲುಬೆ ನಿಲ್ಲಿಸಿದ, ಗಾರೆ ಮೆತ್ತಿದ. ಕೆಳಗೆ ನಿಂತ ಜನ ಹೋ ಎಂದು ಕೂಗಿದರು.

ಇಳಿದು ಬಂದಾಗ ಮಗಳು, “ಹೋಯಿತಾ ಹೆದರಿಕೆ?” ಎಂದು ಕೇಳಿದಳು.

“ಎಲ್ಲಿ ಹೋಗುತ್ತೆ? ತುದಿಯ ತನಕ ಬಂತು,” ಎಂದ ಮೇಸ್ತ್ರಿ. “ಆದರೆ ಯೇಸುಸ್ವಾಮಿಯೂ ಬಂದರು ಮಗಳೇ.”

ಮುಂದಿನ ವಾರವೇ ಮದುವೆ. ಸಾರುವೆ ಬಿಚ್ಚಿ ಆ ಬಿದಿರಿನಲ್ಲೇ ಚಪ್ಪರ ಹಾಕಿದರು. ಇಡೀ ಊರು ಅದರ ಕೆಳಗೆ ಕೂತು ಉಂಡಿತು. ಆಮೇಲೂ ಅರ್ಧ ಬಿದಿರು ಮಿಕ್ಕಿತ್ತು.

ಕತೆ ಮುಗಿಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಯಾಯಿತು. ಚೌರಪ್ಪ ಎದ್ದು ನಿಂತ, ಆದರೆ ಹೆಜ್ಜೆ ಎತ್ತಲಿಲ್ಲ.

“ಸ್ವಾಮಿ, ನನ್ನ ಮೊಣಕಾಲು ಈಗಲೂ ನಡುಗುತ್ತಿದೆಯಲ್ಲ.”

“ಇಷ್ಟು ದಿನ ನೀನು ದೇವರ ಮುಂದೆ ಊರಿದ್ದೂ ಅದೇ ನಡುಗುವ ಮೊಣಕಾಲನ್ನಲ್ಲವೇನೋ? ಅದರಲ್ಲೇ ಹತ್ತು,” ಎಂದರು ಗುರುಗಳು.

ಚೌರಪ್ಪ ಪೀಠದ ಮೆಟ್ಟಿಲ ಕಡೆ ನಡೆದ.