ಓಗೊಡದ ಗುಡ್ಡ

ನಿಟ್ಟಗಲ್ಲಿನಲ್ಲಿ ಬಸ್ಸಿಳಿದು ಕೋಟೆಬಾಗಿಲು ದಾಟಿದರೆ ಕೂಗುಚೌಕ. ನಾಲ್ಕು ಕಡೆಯೂ ಕಲ್ಲುಕಂಬಗಳ ಜಗಲಿ, ನಡುವೆ ಎದೆಯೆತ್ತರದ ಒಂದು ಕಟ್ಟೆ. ಹಿಂದೆ ಕಂಬಳಿ, ಹತ್ತಿ, ಗಾಣದ ಎಣ್ಣೆ ಮಾರುತ್ತಿದ್ದ ಜಗಲಿಗಳಲ್ಲಿ ಈಗ ಮೊಬೈಲ್ ರಿಪೇರಿಯವನು, ಟೈಲರು, ಮಂಡಕ್ಕಿ ಮೆಣಸಿನಕಾಯಿಯ ತಳ್ಳುಗಾಡಿ. ಕಟ್ಟೆಯ ಮೇಲೆ ನಿಂತರೆ ಬಾಗಿಲ ಕಮಾನಿನ ಮೇಲಕ್ಕೆ ಒಂದು ಬೋಳು ಗುಡ್ಡ ನೇರ ಎದುರಿಗೆ ಕಾಣುತ್ತದೆ. ಭಾನುವಾರಗಳಲ್ಲಿ ದೊಡ್ಡ ಊರುಗಳಿಂದ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಬರುತ್ತಾರೆ. ಚೌಕದಲ್ಲಿ ಚಹಾ ಕುಡಿದು, ಕಂಬಗಳ ಮುಂದೆ ಫೋಟೋ ತೆಗೆಸಿಕೊಂಡು, ಬಿಸಿಲೇರುವ ಮೊದಲು ಗುಡ್ಡ ಹತ್ತುತ್ತಾರೆ. ಹತ್ತುವ ದಾರಿ ಕಷ್ಟದ್ದಲ್ಲ. ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಒಂದು ದೊಣೆಯಿದೆ, ತಂಪಾದ ಗಾಳಿಯಿದೆ, ಕೆಳಗೆ ಊರು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ.

ದಾರಿಯ ಬದಿಯ ಫಲಕದಲ್ಲಿ ಅದರ ಹೆಸರು 'ವಾಗಡ ಬೆಟ್ಟ' ಎಂದಿದೆ. ಯಾವನೋ ವಾಗಡನೆಂಬ ವ್ಯಾಪಾರಿ ಅಲ್ಲಿ ಬೀಡುಬಿಟ್ಟಿದ್ದನಂತೆ ಎಂದು ಕೆಲವರು ಕಥೆ ಕಟ್ಟಿದ್ದಾರೆ. ಅಲ್ಲಿ ವಾಕ್ಕು, ಅಂದರೆ ಮಾತು, ಮಾರ್ದನಿಗೊಳ್ಳುವುದಿಲ್ಲ, ಆದ್ದರಿಂದ ಆ ಹೆಸರು ಎನ್ನುವವರೂ ಉಂಟು. ಊರಿನ ಹಳಬರು ಎರಡನ್ನೂ ಒಪ್ಪುವುದಿಲ್ಲ. ಅದು ಓಗೊಡದ ಗುಡ್ಡ, ಕೂಗಿದರೆ 'ಓ' ಎನ್ನದ ಗುಡ್ಡ. ಹಾಗೆ ಕೂಗಿದವನು ಒಬ್ಬ ಮನುಷ್ಯ, ಓ ಎನ್ನದೆ ಹೋದವಳು ಒಬ್ಬ ಹೆಂಗಸು ಎನ್ನುತ್ತಾರೆ ಅವರು.

ಹಿಂದೆ ಒಮ್ಮೆ, ನಿಟ್ಟಗಲ್ಲನ್ನು ಪರಸಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದಾಗ, ಈ ಕೋಟೆಬಾಗಿಲನ್ನು ಕಾಯುತ್ತಿದ್ದವನು ಸೂರಯ್ಯನೆಂಬ ತಳವಾರ. ಬಾಗಿಲಿಗೆ ಅಡ್ಡ ಹಾಕುವ ಅಗುಳಿಮರವನ್ನು ಬೇರೆಯವರು ಇಬ್ಬರು ಸೇರಿ ಎತ್ತಿದರೆ ಸೂರಯ್ಯ ಒಬ್ಬನೇ ಎತ್ತುತ್ತಿದ್ದ. ಮಾತು ಕಡಿಮೆ, ಗಂಟಲು ಮಾತ್ರ ದೊಡ್ಡದು. ಸಂಜೆ ಬಾಗಿಲು ಹಾಕುವ ಮುನ್ನ ಹೊಲದಲ್ಲಿರುವವರಿಗೆ ಕೇಳಲೆಂದು ಅವನು ಕೂಗು ಹಾಕಿದರೆ ಹಳ್ಳದಾಚೆ ಮೇಯುತ್ತಿದ್ದ ದನಗಳೂ ತಲೆಯೆತ್ತುತ್ತಿದ್ದವಂತೆ. ಹೆಂಡತಿ ಪಾಲಮ್ಮ ಅವನಿಗೆ ತಕ್ಕವಳು. ಮನೆಯಲ್ಲಿ ಅವಳದೇ ಮಾತು, ಅವಳದೇ ನಗು. ಒಬ್ಬಳೇ ಮಗಳು ಬೊಮ್ಮಕ್ಕನನ್ನು ದೂರದ ಹಟ್ಟಿಯೊಂದಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿಯಾಗಿದ್ದ ಅವಳಿಗೆ ತಿಂಗಳು ತುಂಬುತ್ತಿವೆಯೆಂಬ ಸುದ್ದಿ ಬಂದಾಗ ಪಾಲಮ್ಮ ಬುತ್ತಿ ಕಟ್ಟಿಕೊಂಡು ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಟಳು. ಸೂರಯ್ಯ ಬಾಗಿಲವರೆಗೆ ಬಂದು, "ಬಿಸ್ಲಾಗೆ ನಡಸಬ್ಯಾಡ ಅದನ್ನ, ನಿಧಾನಕ್ಕೆ ಕರ್ಕಂಡು ಬಾ" ಎಂದು ಹೇಳಿ ಕಳಿಸಿದ.

ಅವಳು ಅತ್ತ ಹೋದಳು, ಇತ್ತ ಕೆಳನಾಡಿನಿಂದ ಮಾರಿಬೇನೆಯ ಸುದ್ದಿ ಬಂತು. ಉಪ್ಪಿನ ಗಾಡಿಯವರು ತಂದ ಸುದ್ದಿ. ಬೆಳಿಗ್ಗೆ ವಾಂತಿ ಶುರುವಾದವರು ಸಂಜೆಗೆ ಇರುವುದಿಲ್ಲ, ಹೂಳುವುದಕ್ಕೆ ಜನ ಸಿಗದೆ ಊರಿಗೆ ಊರೇ ಬಿಟ್ಟು ಹೋಗುತ್ತಿದ್ದಾರೆ ಎಂದು ಅವರು ಬಾಗಿಲ ಹೊರಗೆ ನಿಂತೇ ಹೇಳಿ ಹೋದರು. ಪರಸಪ್ಪನಾಯಕ ಊರನ್ನೆಲ್ಲ ಚೌಕದಲ್ಲಿ ಸೇರಿಸಿದ. ಬೇನೆ ತಣಿಯುವವರೆಗೆ ಒಳಗಿನವರು ಹೊರಗೆ ಹೋಗಕೂಡದು, ಹೊರಗಿನವರು ಒಳಗೆ ಬರಕೂಡದು ಎಂದು ಸಾರಿಸಿದ. ಜನ ಹೂಂಗುಟ್ಟಿದರು. ಸೂರಯ್ಯನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಅಗುಳಿಮರದ ಮೇಲೆ ಕೈಯಿಡಿಸಿ ಆಣೆ ಮಾಡಿಸಿದರು. ಹೆಂಡತಿ ಮಗಳು ದಾರಿಯಲ್ಲಿದ್ದಾರೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅಷ್ಟು ಜನರ ಮುಖದಲ್ಲಿದ್ದ ಹೆದರಿಕೆಯ ಎದುರು ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಅವರು ಬಂದದ್ದು ಒಂದು ಇಳಿಹೊತ್ತಿನಲ್ಲಿ. ಅಷ್ಟರಲ್ಲಿ ಬಾಗಿಲ ಹೊರಗೆ ಇನ್ನೂ ಹಲವರು ಸೇರಿದ್ದರು. ಕುರಿ ಮೇಯಿಸಲು ಹೋಗಿದ್ದ ಊರಿನವರೇ, ನೆಂಟರ ಮನೆಗೆ ಹೋದವರು, ಪರವೂರಿನ ದಾರಿಹೋಕರು. ಪಾಲಮ್ಮ ಜನರನ್ನು ಸರಿಸಿಕೊಂಡು ಬಂದು ಬಾಗಿಲು ಬಡಿದಳು.

"ನಾನು ಕಣಾ ಪಾಲಿ. ಬೊಮ್ಮನ್ನ ಕರ್ಕಂಡು ಬಂದೀನಿ, ಬಾಗ್ಲು ತಗಿ."

ಸೂರಯ್ಯ ಬಾಗಿಲ ಸಂದಿಗೆ ಬಾಯಿಟ್ಟು, ತೆಗೆಯುವ ಹಾಗಿಲ್ಲ ಎಂದ.

"ಹುಡುಗಿಗೆ ದಿನ ತುಂಬೈತೆ," ಎಂದಳು ಪಾಲಮ್ಮ. "ನಾನು ಹೊರಗೇ ಇರ್ತೀನಿ. ಅದೊಂದನ್ನ ಒಳಗೆ ತಗ."

ಅವನು ಚೌಕದ ಮೂಲಕ ಅರಮನೆಗೆ ಓಡಿ ನಾಯಕನ ಮುಂದೆ ನಿಂತ. "ಬುದ್ಧಿ, ಮಗಳನ್ನ ಒಳಗೆ ಬಿಡದಿದ್ರೆ ನನ್ನನ್ನಾದ್ರೂ ಹೊರಗೆ ಬಿಡ್ರಿ. ತಿರುಗಿ ಬರಾಕಿಲ್ಲ" ಎಂದ. ನಾಯಕ ಕೆಟ್ಟವನಾಗಿರಲಿಲ್ಲ ಎನ್ನುತ್ತಾರೆ. ಅವನ ಕಣ್ಣಲ್ಲೂ ನೀರು ಬಂತಂತೆ. ಆದರೂ, "ನಿನ್ನನ್ನ ಬಿಡಾಕೆ ಬಾಗಿಲು ತೆಗೀಬೇಕಲ್ಲೋ ಸೂರಯ್ಯ. ಇವತ್ತು ನಿನಗೆ ತೆಗೆದರೆ ನಾಳೆ ಯಾರಿಗೆ ಇಲ್ಲ ಅನ್ನಲಿ?" ಎಂದು ಒಳಗೆ ಹೋದ. ಸೂರಯ್ಯ ಮರಳಿ ಬಂದು ಬಾಗಿಲಿಗೆ ಹಣೆ ಹಚ್ಚಿ, ಬೇನೆಯಿರುವ ಊರುಗಳ ಕಡೆ ಹೋಗಬೇಡಿರೆಂದೂ, ಎದುರಿನ ಗುಡ್ಡದ ದೊಣೆಯಲ್ಲಿ ನೀರಿದೆ, ಬಂಡೆಯ ಮರೆಯಿದೆ, ಅಲ್ಲಿರಿ ಎಂದೂ ಹೇಳಿದ. "ದಿನಾ ಸಂಜಿಗೆ ಕಟ್ಟಿ ಮ್ಯಾಲೆ ನಿಂತು ಕೂಗ್ತೀನಿ. ನೀನು ಓ ಅನ್ನು. ಅಷ್ಟಾದ್ರೂ ಗೊತ್ತಾಗ್ಲಿ ನನಗೆ."

ಪಾಲಮ್ಮ ಮಗಳ ಕೈಹಿಡಿದು ಗುಡ್ಡ ಹತ್ತಿದಳು. ಉಳಿದವರೂ ಅವಳ ಹಿಂದೆ ಹತ್ತಿದರು. ಗುಡ್ಡ ಊರಿಗೆ ಒಂದು ಕೂಗಳತೆ ದೂರ. ಆ ಸಂಜೆ ಸೂರಯ್ಯ ಕಟ್ಟೆ ಹತ್ತಿ, "ಪಾಲೀ…" ಎಂದು ಕೂಗಿದ. ಗುಡ್ಡದಿಂದ "ಓ…" ಎಂದು ಬಂತು. ಮಾತು ತಿಳಿಯದಷ್ಟು ದೂರ, ದನಿಯ ಗುರುತು ಮಾತ್ರ ಹತ್ತುವಷ್ಟು ಹತ್ತಿರ. ಮಾರನೆಯ ಸಂಜೆ ಹೊರಗೆ ಉಳಿದ ಇತರರ ಮನೆಯವರೂ ಬಂದು ತಮ್ಮ ತಮ್ಮವರ ಹೆಸರು ಹಿಡಿದು ಕೂಗಿದರು. ಹಾಗೆ ದಿನವೂ ದನ ಮನೆಗೆ ಬರುವ ಹೊತ್ತಿಗೆ ಚೌಕದ ತುಂಬ ಜನ ನಿಂತು ಕೂಗುವುದು, ಗುಡ್ಡ ಓ ಎನ್ನುವುದು ನಡೆಯಿತು. ಚೌಕಕ್ಕೆ ಕೂಗುಚೌಕವೆಂಬ ಹೆಸರು ಬಂದದ್ದು ಆಗಲೇ. ರಾಗಿ, ಉಪ್ಪು, ಹಳೆಯ ಸೀರೆಗಳನ್ನು ಬುಟ್ಟಿಯಲ್ಲಿಟ್ಟು ಕೋಟೆಗೋಡೆಯಿಂದ ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಇಳಿಬಿಟ್ಟವರು ಗೋಡೆಯಿಂದ ದೂರ ಸರಿದ ಮೇಲೆ ಗುಡ್ಡದವರು ಬಂದು ಒಯ್ಯುತ್ತಿದ್ದರು.

ಒಂದು ಸಂಜೆ ಪಾಲಮ್ಮನ ಓ ಬಂದ ಮೇಲೆ ಗಾಳಿಯಲ್ಲಿ ಇನ್ನೊಂದು ಸಣ್ಣ ದನಿ ತೇಲಿ ಬಂತು. ಅದು ನವಿಲು ಎಂದರು ಕೆಲವರು. ಅಲ್ಲ, ಕೂಸಿನ ಅಳು ಎಂದ ಸೂರಯ್ಯ. ಪಾಲಮ್ಮ ಏನೋ ಕೂಗಿ ಹೇಳುತ್ತಿದ್ದಳು, ಗಂಡೋ ಹೆಣ್ಣೋ ತಿಳಿಯಲಿಲ್ಲ. ಅವನು ಮನೆಗೆ ಹೋಗಿ ಬಾಣಂತಿಗೆಂದು ಎತ್ತಿಟ್ಟಿದ್ದ ಬೆಲ್ಲದ ಅಚ್ಚನ್ನು ತಂದು, ಕಟ್ಟೆಯ ಮೇಲೆ ಒಡೆದು, ಅರ್ಧವನ್ನು ಬುಟ್ಟಿಗೆ ತೆಗೆದಿಟ್ಟು, ಉಳಿದ ಚೂರುಗಳನ್ನು ನೆರೆದವರಿಗೆಲ್ಲ ಹಂಚಿದ. ಆ ಬಾಗಿಲು ಮುಚ್ಚಿದ ಮೇಲೆ ಊರಿನಲ್ಲಿ ಜನ ನಕ್ಕದ್ದು ಆ ಒಂದು ಸಂಜೆ.

ಆದರೆ ಆ ಬೆಲ್ಲ ಗುಡ್ಡ ಸೇರಲಿಲ್ಲ. ಬುಟ್ಟಿ ಮುಟ್ಟಿದ ಕೈಯಿಂದ ಹಗ್ಗಕ್ಕೆ, ಹಗ್ಗದಿಂದ ಊರಿಗೆ ಬೇನೆ ಹತ್ತಬಹುದೆಂದು ಯಾರೋ ಸುದ್ದಿ ಎಬ್ಬಿಸಿದರು. ಕಣಜದ ರಾಗಿಯೂ ಇಳಿಯುತ್ತ ಬಂದಿತ್ತು. ಮಾರನೆಯ ದಿನ ನಾಯಕನ ಆಳುಗಳು ಹಗ್ಗ ಕತ್ತರಿಸಿ ಹಾಕಿದರು. ಆಮೇಲೆ ಚೌಕದಿಂದ ಹೋಗುತ್ತಿದ್ದುದು ಕೂಗು ಮಾತ್ರ. ಗುಡ್ಡದ ಓ ದಿನದಿನಕ್ಕೆ ತೆಳುವಾಯಿತು. ತಮ್ಮವರ ಉತ್ತರ ಬಾರದವರು ಒಬ್ಬೊಬ್ಬರೇ ಮನೆಯಲ್ಲಿ ಉಳಿದುಕೊಂಡರು. ಪಾಲಮ್ಮನ ದನಿ ಮಾತ್ರ ತಪ್ಪದೆ ಬರುತ್ತಿತ್ತು. ಅದೊಂದು ಬಂದರೆ ಸೂರಯ್ಯನಿಗೆ ಅನ್ನ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕೆಳನಾಡಿನ ದಾರಿಯಲ್ಲಿ ಮೇನೆ ಕಂಡಿತು. ಜೊತೆಗೆ ಕುದುರೆಯವರು, ಗಂಟುಮೂಟೆ ಹೊತ್ತ ಆಳುಗಳು. ಬಂದವನು ನಾಯಕನ ಅಳಿಯ, ತನ್ನೂರಿನಲ್ಲಿ ಬೇನೆ ಹೆಚ್ಚಾಯಿತೆಂದು ಮಾವನ ಕೋಟೆಗೆ ಬಂದಿದ್ದ. ನಾಯಕ ತಾನೇ ಬಾಗಿಲಿಗೆ ಬಂದು, ತೆಗೆ ಎಂದ. ಸೂರಯ್ಯ ಅವನ ಮುಖ ನೋಡಿದ. ನಾಯಕ ಬೇರೆ ಕಡೆ ನೋಡುತ್ತಿದ್ದ. ಅಗುಳಿಮರ ಸರಿಯಿತು, ಬಾಗಿಲ ಎರಡೂ ರೆಕ್ಕೆಗಳು ತೆರೆದುಕೊಂಡವು, ಮೇನೆ ಒಳಗೆ ಬಂತು, ಅದರ ಹಿಂದೆ ಗಂಟುಮೂಟೆಯ ಆಳುಗಳ ಸಾಲು ಬಹಳ ಹೊತ್ತು ಬರುತ್ತಲೇ ಇತ್ತು.

ಬಾಗಿಲು ತೆರೆದದ್ದು ಗುಡ್ಡದ ಮೇಲಿನವರಿಗೆ ಕಂಡಿತು. ತಮಗಾಗಿಯೇ ತೆರೆದರೆಂದು ಅವರು ತಿಳಿದರು. ಬಂಡೆಗಳ ಮರೆಯಿಂದ ಎದ್ದು, ಎಲುಬು ಹಂದರವಾಗಿದ್ದ ಆ ಜನ ಇಳಿಜಾರಿನಲ್ಲಿ ಓಡಿ ಬಂದರು. ಎಲ್ಲರಿಗಿಂತ ಮುಂದೆ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗೆ ಅವಚಿಕೊಂಡು ಪಾಲಮ್ಮ. ಜೊತೆಯಲ್ಲಿ ಬೊಮ್ಮಕ್ಕ ಇರಲಿಲ್ಲ. ಸೂರಯ್ಯ ನಾಯಕನ ಕಾಲಿಗೆ ಬಿದ್ದ.

"ಬಾಗ್ಲು ಹೆಂಗೂ ತೆಗದೈತೆ ಬುದ್ಧಿ. ಬೇನೆಯೂರಿಂದ ಬಂದೋರು ಒಳಗೆ ಬಂದ್ರು. ಅವರು ನಮ್ಮೋರು, ಇಷ್ಟು ದಿನ ಎದುರಿಗೇ ಅವ್ರೆ."

"ಮುಚ್ಚು," ಎಂದ ನಾಯಕ.

ಈ ಒಂದು ಗಳಿಗೆಯ ಬಗ್ಗೆ ಮಾತ್ರ ಊರಿನಲ್ಲಿ ಒಮ್ಮತವಿಲ್ಲ. ಸೂರಯ್ಯನ ಬೆನ್ನಿಗೆ ಈಟಿ ಹಿಡಿದಿದ್ದರು ಎನ್ನುವವರಿದ್ದಾರೆ. ಯಾವ ಈಟಿಯೂ ಇರಲಿಲ್ಲ, ಮುಚ್ಚು ಎಂದರೆ ಮುಚ್ಚಿ ಅಭ್ಯಾಸವಾಗಿದ್ದ ಕೈ, ಮನಸ್ಸು ಬೇಡವೆನ್ನುವುದರೊಳಗೆ ಮುಚ್ಚಿಬಿಟ್ಟಿತು ಎನ್ನುವವರೂ ಇದ್ದಾರೆ. ಹೇಗಾದರೂ ಆಗಲಿ, ಬಾಗಿಲು ಮುಚ್ಚಿದವನು ಅವನೇ. ರೆಕ್ಕೆಗಳು ಕೂಡುವ ಮುಂಚೆ ಸಂದಿಯಲ್ಲಿ ಪಾಲಮ್ಮನ ಮುಖ ಅವನಿಗೆ ಕಂಡಿತು, ಅವನ ಮುಖ ಅವಳಿಗೆ ಕಂಡಿತು. ಅಗುಳಿಮರ ಬಿದ್ದ ಮೇಲೆ ಹೊರಗಿನಿಂದ ಅಂಗೈಗಳು ಬಡಿಯುವ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ನಿಂತಿತು.

ಅಂದು ಸಂಜೆ ಅವನು ಕಟ್ಟೆ ಹತ್ತಿ ಕೂಗಿದ. ಗುಡ್ಡ ಸುಮ್ಮನಿತ್ತು. ಇನ್ನೊಮ್ಮೆ ಕೂಗಿದ. ಮೇಲೆ ಒಲೆಯ ಹೊಗೆ ಏಳುತ್ತಿತ್ತು, ಬಂಡೆಯ ಅಂಚಿನಲ್ಲಿ ಜನ ಓಡಾಡುವುದೂ ಕಾಣುತ್ತಿತ್ತು. ಅವರಿದ್ದರು, ಓ ಎನ್ನಲಿಲ್ಲ. ಮಾರನೆಯ ಸಂಜೆಯೂ ಹಾಗೆಯೇ. ಗಂಟಲು ಹರಿದು ರಕ್ತ ಬರುವವರೆಗೆ ಕೂಗಿದನಂತೆ. ಕತ್ತಲು ಕವಿದ ಮೇಲೆ ಯಾರೋ ಕೈಹಿಡಿದು ಕಟ್ಟೆಯಿಂದ ಇಳಿಸಿದರು.

ಮೇನೆಯೊಂದಿಗೆ ಬಂದ ಆಳೊಬ್ಬ ಮೊದಲು ಮಲಗಿದ. ಆಮೇಲೆ ಅಳಿಯ, ಆಮೇಲೆ ಚೌಕದ ಸುತ್ತಲಿನ ಮನೆಗಳು. ಕೋಟೆಗೋಡೆ ಬೇನೆಯನ್ನು ಹೊರಗೆ ತಡೆಯಲಿಲ್ಲ, ಒಳಗಿನವರು ಓಡಿಹೋಗದಂತೆ ಮಾತ್ರ ತಡೆಯಿತು. ಪರಸಪ್ಪನಾಯಕ ತನ್ನ ಮನೆಯವರೊಡನೆ ಅರಮನೆಯವರಿಗೆ ಮಾತ್ರ ಗೊತ್ತಿದ್ದ ಹಿಂದಿನ ಕಿರುಬಾಗಿಲಿನಿಂದ ಹೋದ, ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದು. ಅಪ್ಪಣೆ ಕೊಡುವವರಾಗಲಿ, ಕಾಯಬೇಕಾದವರಾಗಲಿ ಉಳಿಯದೆ ಹೋದಾಗ ಸೂರಯ್ಯ ಅಗುಳಿಮರ ಎಳೆದು ನೆಲಕ್ಕೆ ಬಿಸಾಡಿ, ಬಾಗಿಲು ಹಾರುಹೊಡೆದು ಗುಡ್ಡ ಹತ್ತಿದ.

ಮೇಲೆ ಕೆಲವರೇ ಉಳಿದಿದ್ದರು. ಸತ್ತವರನ್ನೂ ಮಾರಿಬೇನೆ ಮುಟ್ಟಿರಲಿಲ್ಲ. ಹಸಿವು, ದೊಣೆಯ ತಳದ ಕೆಸರು ನೀರು, ಬಿಸಿಲು, ಅಷ್ಟೇ ಸಾಕಾಗಿತ್ತು. ಕುರಿ ಕಾಯುವ ಮುದುಕ ಸಿದ್ದಣ್ಣ ಅವನನ್ನು ಗುರುತಿಸಿ ಹೇಳಿದ. ಬೊಮ್ಮಕ್ಕ ಹೆತ್ತ ಕೆಲವು ದಿನಕ್ಕೇ ಹೋದಳು. ಹೋದ ದಿನವೂ ಪಾಲಮ್ಮ ಕೂಗಿಗೆ ಓ ಎಂದಳು. "ಅವನಿಗೆ ಯಾಕೆ ತಿಳೀಬೇಕು, ಅಲ್ಲಿ ಒಬ್ಬನೇ ಅವ್ನೆ ಅಂದ್ಲು ಕಣಪ್ಪ. ಕಣ್ಣೀರು ಒರಿಸ್ಕಂಡು ಎದ್ದು ಓ ಅಂದ್ಲು." ಕೂಸು ಹೆಣ್ಣು. ಬಾಗಿಲ ಹತ್ತಿರ ಹೋಗಿ ಬಂದ ಮೇಲೆ ಅದು ಹಾಲಿಲ್ಲದೆ ಬಹಳ ದಿನ ಬದುಕಲಿಲ್ಲ. "ಅವತ್ತು ನೀನು ಕೂಗಿದಾಗ ನಾವು ಓ ಅನ್ನಾಕೆ ಹೋದ್ವಿ. ಬ್ಯಾಡ ಅಂದ್ಲು."

ಪಾಲಮ್ಮ ಒಂದು ಬಂಡೆಯ ನೆರಳಿನಲ್ಲಿ ಕೂತಿದ್ದಳು. ಸೂರಯ್ಯ ಹತ್ತಿರ ಹೋಗಿ, ಮಾತಾಡುವ ದನಿಯಲ್ಲೇ, ಪಾಲೀ ಎಂದ. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗುರುತು ಇರಲಿಲ್ಲವೆಂದೂ ಅಲ್ಲ. ಅವನು ಮತ್ತೆ ಕರೆದ. ಅವಳು ಎದ್ದು, ಸೆರಗು ಸರಿಪಡಿಸಿಕೊಂಡು, ಉಳಿದವರ ಜೊತೆ ಗುಡ್ಡದ ಆಚೆಯ ಮಗ್ಗುಲಿನಲ್ಲಿ ಇಳಿದುಹೋದಳು. ಅವನು ಬಹಳ ದೂರ ಹಿಂದೆ ಹಿಂದೆ ಹೋದ. ಕರೆಯುತ್ತ ಹೋದ. ಹಳ್ಳ ದಾಟುವಲ್ಲಿ ಸಿದ್ದಣ್ಣ ತಿರುಗಿ ನಿಂತು, "ಸಾಕು ಬಿಡಪ್ಪ, ಅವಳನ್ನ ಅವಳ ಪಾಡಿಗೆ ಬಿಡು" ಎಂದು ಕೈಮುಗಿದ. ಸೂರಯ್ಯ ಅಲ್ಲೇ ನಿಂತ.

ಅವನು ಖಾಲಿ ಊರಿಗೆ ಮರಳಿದ. ಬದುಕಿದ್ದಷ್ಟು ಕಾಲವೂ ಸಂಜೆಯಾದರೆ ಕಟ್ಟೆ ಹತ್ತಿ ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಿದ್ದ. ಅಲ್ಲಿ ಯಾರೂ ಇಲ್ಲವೆಂದು ಅವನಿಗೆ ಗೊತ್ತಿತ್ತು. ಬರಬರುತ್ತ ಊರಿಗೆ ಹೊಸಬರು ಬಂದು ಮನೆ ಕಟ್ಟಿದರು. ಅವರಿಗೆ ಆ ಮುದುಕನ ಹೆಸರು ತಿಳಿಯುವ ಮೊದಲೇ ಗುಡ್ಡದ ಹೆಸರು ತಿಳಿಯಿತು ಎನ್ನುತ್ತಾರೆ. ಅವನು ಸತ್ತದ್ದು ಆ ಕಟ್ಟೆಯ ಮೇಲೆಯೇ. ಅವನಿಗೆ ಗುಡಿಯಿಲ್ಲ, ವೀರಗಲ್ಲಿಲ್ಲ. ಏನೆಂದು ಕೆತ್ತಬೇಕೆಂದು ಯಾರಿಗೂ ಹೊಳೆದಿರಲಾರದು.

ನಿಟ್ಟಗಲ್ಲಿಗೆ ಬಂದವರು ಇಂದಿಗೂ ಒಂದನ್ನು ಗಮನಿಸುತ್ತಾರೆ, ಅರ್ಥವಾಗದೆ ಬೇಸರಪಟ್ಟುಕೊಳ್ಳುತ್ತಾರೆ. ಚೌಕದ ಹಿಂದಿನ ಓಣಿಗಳಲ್ಲಿ ಸಂಜೆ ಹೊತ್ತು ಮನೆಯ ಮುಂದೆ ನಿಂತು, "ಅಕ್ಕಾ, ಕುಡಿಯೋಕೆ ನೀರು ಸಿಗುತ್ತಾ?" ಎಂದು ಕೂಗಿದರೆ ಒಳಗಿನಿಂದ ಓ ಎಂಬ ಉತ್ತರ ಬರುವುದಿಲ್ಲ. ಒಳಗೆ ದೀಪವಿರುತ್ತದೆ, ಬಳೆಯ ಸದ್ದಿರುತ್ತದೆ, ರೊಟ್ಟಿ ತಟ್ಟುವ ಸದ್ದು ನಿಲ್ಲುವುದೂ ಕೇಳುತ್ತದೆ. ಎಂಥ ಜಂಬದವರಪ್ಪ ಎಂದುಕೊಂಡು ಕೆಲವರು ಹೊರಟೇಬಿಡುತ್ತಾರೆ. ಸೂರಯ್ಯನ ಕೂಗಿಗೆ ಓ ಎನ್ನಬೇಕಾದವಳು ತಾವಲ್ಲವೆಂದು ಸುಮ್ಮನಿದ್ದ ಆ ಹೊಸಬರ ಕಾಲದಿಂದ ಆ ಊರಿನ ಹೆಂಗಸರು ಸಂಜೆಯ ಕೂಗಿಗೆ ಓಗೊಡುವುದಿಲ್ಲ. ಮಕ್ಕಳು ಕರೆದರೂ ಇಲ್ಲ, ಗಂಡ ಕರೆದರೂ ಇಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಮಾತಿಲ್ಲದೆ ಬಾಗಿಲು ತೆಗೆಯುತ್ತಾರೆ.